ವೂಕಾಮರ್ಸ್‌ನಲ್ಲಿ ನಾಲ್ಕು ವರ್ಷ: ಇಳಕಲ್ ಸೀರೆ ಮಾರುತ್ತಾ ಕಲಿತಿದ್ದು

ನಾನು ಹುಬ್ಬಳ್ಳಿಯಲ್ಲಿ ಕೂತು ಇಳಕಲ್ ಸೀರೆ ಮಾರುತ್ತೇನೆ. ಮೊದಲು ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಕಳಿಸುತ್ತಿದ್ದೆ. ಒಂದೇ ಸೀರೆಗೆ ಮೂರು ಜನ "ನನಗಿರಲಿ" ಅನ್ನುತ್ತಿದ್ದರು. ಯಾರು ದುಡ್ಡು ಹಾಕಿದರು, ಯಾರು ಸುಮ್ನೆ ಕೇಳಿದರು ಎಂದು ಹುಡುಕುವುದರಲ್ಲೇ ರಾತ್ರಿ ಆಗುತ್ತಿತ್ತು. ನಾಲ್ಕು ವರ್ಷದ ಹಿಂದೆ ವೂಕಾಮರ್ಸ್ ಹಾಕಿಸಿ ಸ್ವಂತ ಆನ್‌ಲೈನ್ ಅಂಗಡಿ ತೆರೆದೆ. ಇದು ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಉಚಿತ ಪ್ಲಗಿನ್. 2011ರಿಂದ ಇದೆ.

ಮೊದಲ ಕೆಲವು ತಿಂಗಳು ಜನ ಬರುತ್ತಿದ್ದರು, ಸೀರೆ ನೋಡುತ್ತಿದ್ದರು, ಕಾರ್ಟ್‌ಗೂ ಹಾಕುತ್ತಿದ್ದರು. ಆದರೆ ಕೊಳ್ಳುತ್ತಿರಲಿಲ್ಲ. ಕಾರಣ ಗೊತ್ತಾಗಿದ್ದು ಗದಗಿನ ಒಬ್ಬ ಹಿರಿಯರು ಫೋನ್ ಮಾಡಿದಾಗ. "ಅಕ್ಕಾರ, ಸೀರಿ ತಗೋಳಾಕ ಪಾಸ್‌ವರ್ಡ್ ಯಾಕ ಬೇಕ್ರಿ?" ಅಂದರು. ಸೈಟ್ ಮಾಡಿಕೊಟ್ಟವರು ಖಾತೆ ತೆರೆಯದೆ ಆರ್ಡರ್ ಮಾಡಲು ಆಗದಂತೆ ಇಟ್ಟಿದ್ದರು. ವೂಕಾಮರ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಒಂದೇ ಟಿಕ್ ಸಾಕು, ಖಾತೆ ಇಲ್ಲದೆಯೂ ಆರ್ಡರ್ ಕೊಡಬಹುದು. ಅದೇ ದಿನ ಬದಲಿಸಿದೆ. ಕಂಪನಿ ಹೆಸರು ಕೇಳುವ ಖಾನೆಯನ್ನೂ ತೆಗೆದೆ. ಮನೆಗೆ ಸೀರೆ ತರಿಸುವವರಿಗೆ ಅದು ಯಾಕೆ ಬೇಕು, ಅಲ್ವಾ? ಅದರ ಜಾಗಕ್ಕೆ "ಹತ್ತಿರದ ಗುರುತು" ಎಂಬ ಖಾನೆ ಬಂತು. ನಮ್ಮ ಊರುಗಳಲ್ಲಿ ಮನೆ ನಂಬರಿಗಿಂತ "ಹನುಮಪ್ಪನ ಗುಡಿ ಹಿಂದೆ" ಅನ್ನುವುದೇ ಕೊರಿಯರ್ ಹುಡುಗನಿಗೆ ದಾರಿ ತೋರಿಸುತ್ತದೆ. ವಾಪಸ್ ಬರುವ ಪಾರ್ಸೆಲ್ ಇದರಿಂದ ಕಡಿಮೆಯಾಯಿತು.

ಕೊರಿಯರ್ ಖರ್ಚಿನ ವಿಷಯವೂ ಹೀಗೆಯೇ. ಸೀರೆಗೆ 2,400 ರೂಪಾಯಿ ಎಂದು ತೋರಿಸಿ, ಕೊನೆಯ ಪುಟದಲ್ಲಿ 110 ಸೇರಿಸುತ್ತಿದ್ದೆ. 2,400 ಕೊಡಲು ಸಿದ್ಧರಾದವರು 110 ನೋಡಿ ಬಿಟ್ಟುಹೋಗುತ್ತಿದ್ದರು. ಈಗ ಬೆಲೆಯಲ್ಲೇ ಸೇರಿಸಿದ್ದೇನೆ. ಅದನ್ನು ಸೀರೆಯ ಪುಟದಲ್ಲೇ ಬರೆದಿದ್ದೇನೆ.

ನನಗೆ ಅತಿ ಹೆಚ್ಚು ಕೆಲಸ ಕೊಟ್ಟಿದ್ದು ಸೀರೆ ತೋರಿಸುವ ಪುಟ. ಅಂಗಡಿಯಲ್ಲಾದರೆ ಗಿರಾಕಿ ಮೊದಲು ಸೆರಗು ಬಿಚ್ಚಿಸುತ್ತಾರೆ, ಆಮೇಲೆ ದಡಿ ಹಿಡಿದು ನೋಡುತ್ತಾರೆ, ಒಡಲಿನ ಬಣ್ಣವನ್ನು ಬಾಗಿಲ ಬೆಳಕಿಗೆ ತರುತ್ತಾರೆ. ನಾನು ಫೋಟೋಗಳನ್ನೂ ಅದೇ ಕ್ರಮದಲ್ಲಿ ಇಟ್ಟೆ. ಮೊದಲು ಇಳಕಲ್‌ನ ಗುರುತಾದ ಟೋಪ್ ತೆನಿ ಸೆರಗು, ನಂತರ ದಡಿ, ಆಮೇಲೆ ಕಿಟಕಿ ಬೆಳಕಲ್ಲಿ ಒಡಲು. ಫೋಟೋ ದೊಡ್ಡದು ಮಾಡಿ ನೋಡುವ ಸೌಲಭ್ಯ ಇರುವುದರಿಂದ ಕಸೂತಿ ಇರುವ ಸೀರೆಗಳಲ್ಲಿ ಗವಂತಿ ಹೊಲಿಗೆ ಯಾವುದು, ಮುರ್ಗಿ ಯಾವುದು ಎಂದು ಬಲ್ಲವರು ಗುರುತಿಸುತ್ತಾರೆ. ಸೆರಗು ಶುದ್ಧ ರೇಷ್ಮೆಯೋ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆಯೋ ಎಂಬುದನ್ನು ಬೆಲೆಯ ಪಕ್ಕದಲ್ಲೇ ಹಾಕಿದ್ದೇನೆ. ಮೊದಲು ಅದು ಕೆಳಗೆಲ್ಲೋ ಇತ್ತು. ದಿನಾ ಆ ಒಂದೇ ಪ್ರಶ್ನೆಗೆ ಫೋನ್ ಬರುತ್ತಿತ್ತು.

ಬಣ್ಣ, ದಡಿ ಆರಿಸಿ ಸೀರೆ ಹುಡುಕುವ ಫಿಲ್ಟರ್‌ಗೆ ಮೊದಲು ಮರೂನ್, ಗ್ರೀನ್ ಎಂದೆಲ್ಲ ಹೆಸರಿಟ್ಟಿದ್ದೆ. ನಮ್ಮ ಹೆಣ್ಣುಮಕ್ಕಳು ಕೇಳುವುದು ದಾಳಿಂಬೆ ಕೆಂಪು, ಗಿಳಿ ಹಸಿರು, ನವಿಲು ಹಸಿರು, ಗಿರಿ ಕುಂಕುಮ. ದಡಿಗೂ ಗೋಮಿ, ಗಾಡಿ, ಚಿಕ್ಕಿ ಎಂದೇ ಹೆಸರು. ವೂಕಾಮರ್ಸ್‌ನಲ್ಲಿ ಈ ಗುಣಗಳನ್ನು ನಮಗೆ ಬೇಕಾದ ಮಾತಿನಲ್ಲಿ, ಕನ್ನಡದಲ್ಲೇ ಬರೆದುಕೊಳ್ಳಬಹುದು. ನನಗೆ ಇದರಲ್ಲಿ ತುಂಬಾ ಇಷ್ಟವಾಗಿದ್ದು ಇದೇ.

ಒಂದೇ ಸೀರೆ, ಮೂರು ಜನ ಎಂಬ ಹಳೆಯ ತಲೆನೋವೂ ಹೋಯಿತು. ಕೈಮಗ್ಗದ ಸೀರೆ ನನ್ನ ಹತ್ತಿರ ಹೆಚ್ಚಾಗಿ ಒಂದೊಂದೇ ಇರುತ್ತದೆ. ಸ್ಟಾಕ್ 1 ಎಂದು ಹಾಕಿದರೆ, ದುಡ್ಡು ಇನ್ನೂ ಕಟ್ಟದ ಆರ್ಡರ್‌ಗಾಗಿ ವೂಕಾಮರ್ಸ್ ಆ ಸೀರೆಯನ್ನು 60 ನಿಮಿಷ ಹಿಡಿದಿಡುತ್ತದೆ, ಆಮೇಲೆ ಬಿಡುತ್ತದೆ. ನಾನು 20ಕ್ಕೆ ಇಳಿಸಿದ್ದೇನೆ. ಅದಕ್ಕಿಂತ ಕಡಿಮೆ ಮಾಡಬೇಡಿ. ಕೆಲವೊಮ್ಮೆ ಯುಪಿಐ ಪಾವತಿ ಖಚಿತವಾಗಲು ಹೊತ್ತು ಹಿಡಿಯುತ್ತದೆ.

ಎರಡನೇ ವರ್ಷ ನಾನೊಂದು ತಪ್ಪು ಮಾಡಿದೆ. ಪರಿಚಯದವರೊಬ್ಬರ ಮಾತು ಕೇಳಿ "ಇನ್ನು 10 ನಿಮಿಷ ಮಾತ್ರ ಈ ಬೆಲೆ" ಎಂದು ಓಡುವ ಗಡಿಯಾರದ ಪ್ಲಗಿನ್ ಹಾಕಿದೆ. ಸೀರೆಯ ಅಂಚಿಗೆ ಫಾಲ್ಸ್ ಹಚ್ಚುವ, ಪೀಕೋ ಹೊಲಿಯುವ ಹೆಚ್ಚುವರಿ ಕೆಲಸಕ್ಕೆ ಮೊದಲೇ ಟಿಕ್ ಹಾಕಿಟ್ಟೆ. ಒಂದೆರಡು ವಾರ ಮಾರಾಟ ಏರಿದ್ದೂ ನಿಜ. ಆಮೇಲೆ ನನ್ನ ಹಳೆಯ ಗಿರಾಕಿಯೊಬ್ಬರು ಫೋನ್ ಮಾಡಿ, "ನಾಳೆ ನೋಡಿದರೂ ಅದೇ 10 ನಿಮಿಷ ಇದೆಯಲ್ಲ, ಯಾಕೆ ಹೀಗೆ?" ಎಂದು ಬೇಸರದಿಂದ ಕೇಳಿದರು. ಉತ್ತರ ಕೊಡಲಾಗಲಿಲ್ಲ. ಅವತ್ತೇ ಎರಡನ್ನೂ ತೆಗೆದೆ, ತಾವು ಕೇಳದಿದ್ದರೂ ಪೀಕೋಗೆ ದುಡ್ಡು ಕೊಟ್ಟವರಿಗೆ ಅದನ್ನು ವಾಪಸ್ ಹಾಕಿದೆ. ಮೊದಲೇ ಟಿಕ್ ಹಾಕಿ ಒಪ್ಪಿಗೆ ಎಂದು ಹಿಡಿಯುವುದನ್ನು 2020ರ ಇ-ಕಾಮರ್ಸ್ ನಿಯಮಗಳು ಒಪ್ಪುವುದಿಲ್ಲ ಎಂದು ಆಮೇಲೆ ತಿಳಿಯಿತು. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ತಂತ್ರಗಳ ಪಟ್ಟಿಯಿದೆ. ಸುಳ್ಳು ಅವಸರ ಹುಟ್ಟಿಸುವುದು, ಕೇಳದೆ ಕಾರ್ಟ್‌ಗೆ ಸೇರಿಸುವುದು ಎರಡೂ ಅದರಲ್ಲಿವೆ. ಅಂಗಡಿ ಇಟ್ಟವರೆಲ್ಲ ಅದನ್ನು ಒಮ್ಮೆ ಓದಲೇಬೇಕು.

ಖರ್ಚಿನ ಮಾತು. ಪ್ಲಗಿನ್ ಉಚಿತ, ಆದರೆ ಹೋಸ್ಟಿಂಗ್, ಡೊಮೇನ್, ಪೇಮೆಂಟ್ ಗೇಟ್‌ವೇ ಕಮಿಷನ್ ಇದ್ದೇ ಇರುತ್ತದೆ. ಹೆಚ್ಚಿನ ಸೌಲಭ್ಯಕ್ಕೆ ದುಡ್ಡು ಕೊಟ್ಟು ಕೊಳ್ಳುವ ಪ್ಲಗಿನ್‌ಗಳೂ ಬೇಕಾಗಬಹುದು. ಅಪ್‌ಡೇಟ್ ಮಾಡುವ ಮುಂಚೆ ಬ್ಯಾಕಪ್ ತೆಗೆಯುವುದು ನಮ್ಮದೇ ಹೊಣೆ. ದೀಪಾವಳಿಯ ಹಿಂದಿನ ವಾರ ಅಪ್‌ಡೇಟ್ ಮಾಡಿದಾಗ ನಾನು ಬಳಸುತ್ತಿದ್ದ ಥೀಮ್ (ಸೈಟಿನ ವಿನ್ಯಾಸ) ಕೈಕೊಟ್ಟು, ಅರ್ಧ ದಿನ ಆರ್ಡರ್ ನಿಂತಿತ್ತು. ಹಬ್ಬದ ವಾರ ಏನನ್ನೂ ಅಪ್‌ಡೇಟ್ ಮಾಡುವುದಿಲ್ಲ ಎಂದು ಅವತ್ತೇ ನಿರ್ಧಾರ ಮಾಡಿದೆ. ಒಂದು ಕಾಲಕ್ಕೆ ನನ್ನ ಸೈಟ್‌ನಲ್ಲಿ 23 ಪ್ಲಗಿನ್ ಇದ್ದವು, ಈಗ 9. ಹಳೆಯ ಫೋನಿನಲ್ಲೂ ಪುಟ ಬೇಗ ತೆರೆಯುತ್ತದೆ.

ತಾಂತ್ರಿಕ ಕೆಲಸಕ್ಕೆ ತಿಂಗಳಿಗೆ ಒಂದು ದಿನ ಕೊಡಲು ಆಗದವರಿಗೆ ಇದು ಬೇಡ. ಆಗುವವರು ಧೈರ್ಯವಾಗಿ ತಗೊಳ್ಳಿ. ಸೈಟ್ ಸಿದ್ಧವಾದ ಮೇಲೆ ನಿಮ್ಮ ಮನೆಯ ಹಿರಿಯರೊಬ್ಬರ ಕೈಗೆ ಫೋನ್ ಕೊಟ್ಟು, ಏನೂ ಹೇಳಿಕೊಡದೆ, ಒಂದು ಆರ್ಡರ್ ಮಾಡಲು ಹೇಳಿ. ನಮ್ಮ ಅತ್ತೆ ಮೊದಲ ಸಲ ಪಿನ್‌ಕೋಡ್ ಖಾನೆಯಲ್ಲೇ ನಿಂತುಬಿಟ್ಟಿದ್ದರು. ಈಗ ಹೊಸ ಸೀರೆ ಹಾಕಿದಾಗೆಲ್ಲ ನನಗಿಂತ ಮೊದಲು ಅವರೇ ಪುಟ ತೆರೆದು ನೋಡುತ್ತಾರೆ.