ರೀಲ್ಸ್ ಬದಲಿಗೆ ಕೈಗೆ ಏನು? ರಂಗೋಲಿ, ಕಸೂತಿ, ಹೂ ಕಟ್ಟುವುದು, ಚೌಕಾಬಾರ: ಒಂದು ಹೋಲಿಕೆ

ಫೋನಿನ ಚಟ ಬಿಡಿಸಲು ಎಲ್ಲರೂ ಮೊದಲು ಹೇಳುವುದು ಪುಸ್ತಕ, ವಾಕಿಂಗ್, ಧ್ಯಾನ. ಮೂರೂ ಒಳ್ಳೆಯವೇ. ಆದರೆ ಪುಸ್ತಕಕ್ಕೆ ಒಂದು ಕೈ ಸಾಕು, ಉಳಿದೆರಡಕ್ಕೆ ಅದೂ ಬೇಡ. ಕೈ ಖಾಲಿ ಇದ್ದರೆ ಐದೇ ನಿಮಿಷಕ್ಕೆ ಫೋನು ತಾನಾಗಿ ಕೈಗೆ ಬಂದಿರುತ್ತದೆ. ಹಾಗಾಗಿ ಇಲ್ಲಿ ಹೋಲಿಸಿರುವುದು ಕೈಗೆ ಕೆಲಸ ಕೊಡುವ, ಮನೆಯಲ್ಲೇ ಕೂತು ಮಾಡುವ ಹವ್ಯಾಸಗಳನ್ನು ಮಾತ್ರ. ಪ್ರತಿಯೊಂದರಲ್ಲೂ ನೋಡಿದ್ದು ಇಷ್ಟು: ಶುರುಮಾಡಲು ಎಷ್ಟು ಹೊತ್ತು ಹಿಡಿಯುತ್ತದೆ, ನಡುವೆ ಬಿಟ್ಟೆದ್ದರೆ ಕೆಡುತ್ತದೆಯೇ, ತಾನಾಗಿ ಮುಗಿಯುತ್ತದೆಯೇ. ರೀಲ್ಸ್‌ಗೆ ಇಲ್ಲದ ಗುಣ ಈ ಕೊನೆಯದು.

ಎಳೆ ರಂಗೋಲಿ, ಕಾಗದದ ಮೇಲೆ

ಶುರುವಾಗುವ ವೇಗದಲ್ಲಿ ಇದನ್ನು ಮೀರಿಸಿದ್ದಿಲ್ಲ. ಚೌಕಳಿ ಗೆರೆಯ ಲೆಕ್ಕದ ನೋಟ್‌ಬುಕ್, ಒಂದು ಪೆನ್ನು, ಅಷ್ಟೇ. ಎರಡೆರಡು ಚೌಕ ಬಿಟ್ಟು ಚುಕ್ಕಿ ಇಡಿ: 4 ಸಾಲು, ಸಾಲಿಗೆ 5 ಚುಕ್ಕಿ. ಎಳೆ ಚುಕ್ಕಿಗಳ ಸಂದಿನಲ್ಲಿ ಓರೆಯಾಗಿ ಸಾಗಬೇಕು, ಅಂಚು ಬಂದಾಗ ಹೊರಗಿನ ಚುಕ್ಕಿಯನ್ನು ಬಳಸಿ ತಿರುಗಬೇಕು. ಪೆನ್ನು ಎತ್ತದೆ ಹೋದರೆ ಇಪ್ಪತ್ತೂ ಚುಕ್ಕಿಗಳನ್ನು ಸುತ್ತಿ ಒಂದೇ ಎಳೆ ಹೊರಟ ಜಾಗಕ್ಕೆ ಬಂದು ಸೇರುತ್ತದೆ. 4 ಸಾಲಿಗೆ 4 ಚುಕ್ಕಿ ಇಟ್ಟರೆ ಹೀಗಾಗುವುದಿಲ್ಲ, ನಾಲ್ಕು ಬೇರೆ ಬೇರೆ ಎಳೆ ಬೇಕಾಗುತ್ತವೆ. ಸಾಲಿನ ಸಂಖ್ಯೆ, ಚುಕ್ಕಿಯ ಸಂಖ್ಯೆ ಎರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ ಎಷ್ಟೋ ಅಷ್ಟು ಎಳೆ. 3 ಸಾಲಿಗೆ 6 ಚುಕ್ಕಿಯಾದರೆ ಮೂರು. 5 ಸಾಲಿಗೆ 7 ಚುಕ್ಕಿಯಾದರೆ ಒಂದೇ. ಇದು ತಿಳಿದಿದ್ದರೆ ಎಳೆ ಯಾಕೆ ಕೂಡುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ.

ತಪ್ಪುವುದು ಹೆಚ್ಚಾಗಿ ಅಂಚಿನಲ್ಲಿ. ಮೂಲೆಯ ಚುಕ್ಕಿಯನ್ನು ಪೂರ್ತಿ ಬಳಸದೆ ಮೊದಲೇ ಒಳಗೆ ತಿರುಗಿಬಿಟ್ಟರೆ ಮುಂದಿನದೆಲ್ಲ ಎಡವಟ್ಟು. ಸರಿ ಬಂತೋ ಇಲ್ಲವೋ ನೋಡಲು ಅಕ್ಕಪಕ್ಕದ, ಮೇಲೆ ಕೆಳಗಿನ ಯಾವುದೇ ಎರಡು ಚುಕ್ಕಿಯ ನಡುವೆ ಎಳೆ ಎಳೆಯನ್ನು ಒಮ್ಮೆ ದಾಟಿದೆಯೇ ಎಂದು ನೋಡಿ. 4ಕ್ಕೆ 5ರಲ್ಲಿ ಹೀಗೆ 31 ದಾಟು ಇರಬೇಕು. ಎಲ್ಲಿ ದಾಟಿಲ್ಲವೋ ಅಲ್ಲೇ ತಪ್ಪಿದೆ.

ನೆಲದ ಮೇಲೆ ಹಾಕುವುದಾದರೆ ಫ್ಯಾನ್ ಆರಿಸಬೇಕು, ಮಳೆಗಾಲದಲ್ಲಿ ಗಂಟುಗಟ್ಟಿದ ಪುಡಿಯನ್ನು ಜರಡಿ ಹಿಡಿಯಬೇಕು, ಬೆರಳಸಂದಿನಿಂದ ಸಲೀಸಾಗಿ ಇಳಿಯದಿದ್ದರೆ ಸ್ವಲ್ಪ ನಯವಾದ ಮರಳು ಬೆರೆಸಬೇಕು. ರಾತ್ರಿ ಹತ್ತಕ್ಕೆ ಇಷ್ಟೆಲ್ಲ ಯಾರು ಮಾಡುತ್ತಾರೆ? ಕಾಗದವೇ ಸಾಕು. ಇದರ ಕೊರತೆ ಒಂದೇ: ಬೇಗ ಮುಗಿಯುತ್ತದೆ. ಹಾಲು ಉಕ್ಕುವ ತನಕ, ಕುಕ್ಕರ್ ಕೂಗುವ ತನಕ ಫೋನು ನೋಡುವವರಿಗೆ ಇದು ಸರಿ. ಊಟವಾದ ಮೇಲೆ ಒಂದೂವರೆ ತಾಸು ಸೋಫಾ ಬಿಟ್ಟೇಳದವರಿಗೆ ಸಾಲದು.

ಕಸೂತಿ

ಅಂಥವರಿಗೆ ಇದು. ಧಾರವಾಡ ಸೀಮೆಯ ಕೆಲಸ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ, ತುಳಸಿಕಟ್ಟೆಯಾಗಿ ಕಾಣುವಂಥದ್ದು. ಹೊಲಿಗೆ ನಾಲ್ಕೇ ಬಗೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ, ಎಳೆ ಎಣಿಸಿಯೇ ಹಾಕಬೇಕು. ಎಣಿಸುವ ತಲೆಗೆ ಬೇರೆ ಯೋಚನೆ ಹತ್ತುವುದಿಲ್ಲ. ಹೋಲಿಕೆಯಲ್ಲಿ ಇದು ಮುಂದೆ ನಿಲ್ಲುವುದು ಈ ಕಾರಣಕ್ಕೆ.

ಕಲಿಯಲು ಕಾಲು ಮೀಟರ್ ಮ್ಯಾಟಿ ಬಟ್ಟೆ (ಮನೆ ಎಣಿಸಲು ಬರುವ ಚೌಕಳಿ ನೇಯ್ಗೆಯದು), ಮೊನೆ ಮೊಂಡಾದ 24ನೇ ನಂಬರಿನ ಸೂಜಿ, ಒಂದು ಲಡಿ ಕಸೂತಿ ದಾರ ಸಾಕು. ಲಡಿಯ ದಾರದಲ್ಲಿ ಆರು ಎಳೆ ಕೂಡಿರುತ್ತವೆ, ಎರಡನ್ನು ಬಿಡಿಸಿಕೊಳ್ಳಿ. ಉದ್ದ 45 ಸೆಂ.ಮೀ. ಮೀರಬಾರದು, ಮೀರಿದರೆ ಸಿಕ್ಕು ಬೀಳುತ್ತದೆ, ಪದೇ ಪದೇ ಬಟ್ಟೆ ತಿಕ್ಕಿ ದಾರದ ಹೊಳಪೂ ಹೋಗುತ್ತದೆ. ತುದಿಗೆ ಗಂಟು ಹಾಕುವಂತಿಲ್ಲ. ಐದಾರು ಸೆಂ.ಮೀ. ಬಾಲ ಬಿಟ್ಟು, ಕೊನೆಯಲ್ಲಿ ಅದನ್ನು ಹೊಲಿಗೆಯೊಳಗೇ ತೂರಿಸಬೇಕು.

ಗವಂತಿಯಿಂದ ಶುರುಮಾಡಿ. ಹೋಗುವಾಗ ಒಂದು ಮನೆ ಮೇಲೆ, ಒಂದು ಮನೆ ಕೆಳಗೆ. ತುದಿ ಮುಟ್ಟಿ ಹಿಂದಿರುಗುವಾಗ ಬಿಟ್ಟ ಮನೆಗಳನ್ನು ತುಂಬುತ್ತ ಬರಬೇಕು. ಹಾಗಾದರೇ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣುವುದು. ಕವಲು ಇದ್ದರೆ ಹೋಗುವ ದಾರಿಯಲ್ಲೇ ಅದರೊಳಗೆ ಹೋಗಿ, ತುಂಬಿಕೊಂಡು ಬಂದು, ಮತ್ತೆ ಮುಖ್ಯ ಗೆರೆ ಹಿಡಿಯಬೇಕು. ಮರೆತು ಮುಂದೆ ಹೋದಿರೋ, ಆಮೇಲೆ ಹಿಂಬದಿಯಲ್ಲಿ ದಾರ ಅಡ್ಡ ಹಾರಿಸಬೇಕಾಗುತ್ತದೆ, ಅಲ್ಲಿಗೆ ಹಿಂಬದಿ ಕೆಟ್ಟಂತೆ.

ಹಿಂದಿರುಗುವಾಗ ಇನ್ನೊಂದು ತೊಡಕು: ಸೂಜಿ ಅದೇ ತೂತಿನಲ್ಲಿ ಇರುವ ದಾರವನ್ನು ಸೀಳುತ್ತದೆ. ಮೊನೆ ಮೊಂಡಿರಲಿ ಎನ್ನುವುದು ಇದಕ್ಕೇ. ಏಳುವಾಗ ಹಳೆಯ ಹೊಲಿಗೆಯ ಮೇಲಂಚಿಗೆ, ಇಳಿಯುವಾಗ ಕೆಳಂಚಿಗೆ ಎಂದು ಒಂದು ಕ್ರಮ ಇಟ್ಟುಕೊಂಡರೆ ಗೆರೆ ಹಲ್ಲುಹಲ್ಲಾಗುವುದಿಲ್ಲ. ಎಣಿಕೆ ಒಂದು ತಪ್ಪಿದರೆ ಅಲ್ಲಿ ಗೊತ್ತಾಗುವುದಿಲ್ಲ, ಗೋಪುರದ ಎರಡು ಬದಿ ಮೇಲೆ ಕೂಡದಿದ್ದಾಗ ಗೊತ್ತಾಗುತ್ತದೆ. ಕತ್ತರಿ ಮುಟ್ಟಬೇಡಿ, ಸೂಜಿಯಿಂದ ದಾರ ತೆಗೆದು, ಬಂದ ದಾರಿಯಲ್ಲೇ ಒಂದೊಂದಾಗಿ ಬಿಚ್ಚಿ.

ಕೈ ಪಳಗಿ ಚಂದ್ರಕಾಳಿ ಎನ್ನುವ ಕಪ್ಪು ಸೀರೆಗೆ ಇಳಿಯುವವರು ತೊಡೆಯ ಮೇಲೆ ಬಿಳಿ ಪಂಚೆ ಹಾಸಿಕೊಳ್ಳಲಿ. ಕಪ್ಪು ಬಟ್ಟೆಯ ಎಳೆಗಳ ಸಂದು ಆಗ ಎದ್ದು ಕಾಣುತ್ತದೆ. ನಡುವೆ ಬಿಟ್ಟೆದ್ದರೆ ಏನೂ ಕೆಡುವುದಿಲ್ಲ, ಆದರೆ ಸೂಜಿಯನ್ನು ಬಟ್ಟೆಯ ಅಂಚಿಗೆ ಚುಚ್ಚಿಡಿ. ಮಳೆಗಾಲದ ತೇವಕ್ಕೆ ತುಕ್ಕು ಹಿಡಿದು ಕಲೆಯಾದರೆ ಅದು ಚಿತ್ರದ ನಡುವೆ ಆಗಬಾರದು. ನಿಲ್ಲಿಸುವ ಹೊತ್ತು? ಏರಿಸಿದ ದಾರ ಮುಗಿದಾಗ.

ಹೂ ಕಟ್ಟುವುದು

ಹಿತ್ತಲಲ್ಲಿ ಗಿಡ ಇದ್ದವರಿಗೆ, ಮಾರುಕಟ್ಟೆ ಹತ್ತಿರ ಇದ್ದವರಿಗೆ ಮಾತ್ರ. ಕಲಿಯಲು ಮಲ್ಲಿಗೆಗಿಂತ ಕಾಕಡ ಮೇಲು, ತೊಟ್ಟು ಗಟ್ಟಿ. ಬಾಳೆ ನಾರನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿ, ಒಣಗಿದ ನಾರು ಗಂಟು ಬಿಗಿಯುವಾಗ ತುಂಡಾಗುತ್ತದೆ. ಎರಡು ಹೂ ಈ ಕಡೆಗೆ ಮುಖಮಾಡಿ, ಎರಡು ಆ ಕಡೆಗೆ. ತೊಟ್ಟುಗಳ ಸುತ್ತ ಒಂದು ಸುತ್ತು, ಬೆರಳಲ್ಲಿ ಕುಣಿಕೆ ಮಾಡಿ ತೊಟ್ಟಿಗೆ ಇಳಿಸಿ, ಎಳೆದು ಬಿಗಿ. ಹೆಚ್ಚು ಬಿಗಿದರೆ ತೊಟ್ಟು ಕತ್ತರಿಸುತ್ತದೆ, ಸಡಿಲ ಬಿಟ್ಟರೆ ಮುಡಿಯುವಾಗ ಉದುರುತ್ತದೆ. ಕೈಗೆ ಆ ಹದ ಸಿಕ್ಕಮೇಲೆ ಕಣ್ಣೂ ಬೇಕಿಲ್ಲ, ಮಾತಾಡುತ್ತ ಕಟ್ಟಬಹುದು. ಉಡುಪಿಯ ಶಂಕರಪುರ ಮಲ್ಲಿಗೆಯಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅದು ಕಸುಬು, ಅವರ ವೇಗದ ಜೊತೆ ಪೈಪೋಟಿ ಬೇಡ. ಬಿಡುವಿಗೆ ಒಂದು ಮೊಳ ಸಾಕು. ನಾಳೆ ಕಟ್ಟೋಣ ಎಂದು ಎದ್ದು ಹೋಗುವಂತಿಲ್ಲ, ಮೊಗ್ಗು ಸಂಜೆಗೆ ಅರಳಿಬಿಡುತ್ತದೆ. ಮುಂದೂಡುವ ಸ್ವಭಾವದವರಿಗೆ ಇದೇ ಒಳ್ಳೆಯದಾಗಬಹುದು.

ಚೌಕಾಬಾರ, ಅಳಗುಳಿ ಮಣೆ

ಮನೆಯಲ್ಲಿ ಇನ್ನೊಬ್ಬರಿದ್ದರೆ ಇವು. ಅಳಗುಳಿ ಮಣೆಯ 14 ಗುಳಿಗೆ ನಾಲ್ಕೋ ಐದೋ ಹುಣಸೆ ಬೀಜ ಹಾಕಿ ಆಡುವುದು ಚೆಂದ. ಆದರೆ ಒಬ್ಬರು ಬೀಜ ಬಿತ್ತುತ್ತ, ಮುಂದಿನ ಗುಳಿಯದನ್ನು ಎತ್ತಿ ಮತ್ತೆ ಬಿತ್ತುತ್ತ ಸುತ್ತು ಹಾಕುವಾಗ ಎದುರಿನವರು ಸುಮ್ಮನೆ ಕೂರಬೇಕು. ಫೋನು ಬರುವುದು ಆ ಸಂದಿನಲ್ಲೇ. ನಮ್ಮ ಮಟ್ಟಿಗೆ ಚೌಕಾಬಾರವೇ ಗೆದ್ದಿತು, ಅದೂ ಇಬ್ಬರೇ ಆಡಿದಾಗ. ನಾಲ್ವರಾದರೆ ಇಲ್ಲೂ ಕಾಯುವುದೇ ಹೆಚ್ಚು.

ಸೀಮೆಸುಣ್ಣದಲ್ಲಿ ಐದೈದರ 25 ಮನೆ ಬರೆದು, ನಾಲ್ಕು ಬದಿಯ ನಡುಮನೆ ಮತ್ತು ಮಧ್ಯದ ಮನೆಗೆ ಅಡ್ಡಗೀಟು ಹಾಕಿ. ತಲಾ ನಾಲ್ಕು ಕಾಯಿ, ನಾಲ್ಕು ಕವಡೆ. ಕವಡೆ ಇಲ್ಲದಿದ್ದರೆ ಒಂದು ಬದಿ ನೆಲಕ್ಕೆ ತೇಯ್ದ ಹುಣಸೆ ಬೀಜ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು; ನಾಲ್ಕೂ ಕವುಚಿ ಬಿದ್ದರೆ ಬಾರ, ಎಂಟು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎನ್ನುವ ನಿಯಮ ಬಿಡಬೇಡಿ, ಆಟದ ಬಿಸಿ ಅದರಲ್ಲೇ ಇದೆ. ಬೀಜ ಎರಡೂ ಬದಿಗೆ ಸಮನಾಗಿ ಬೀಳುವಂತಿದ್ದರೆ 16ರಲ್ಲಿ 6 ಪಾಲು ಎರಡು (ಎರಡು ಅಂಗಾತ, ಎರಡು ಕವುಚಿ) ಬೀಳುವ ಸಾಧ್ಯತೆ, ಎಂಟಕ್ಕೆ ಒಂದೇ ಪಾಲು. ಆದ್ದರಿಂದ ಎದುರಾಳಿಯ ಕಾಯಿಗಿಂತ ಸರಿಯಾಗಿ ಎರಡು ಮನೆ ಮುಂದೆ ನಿಲ್ಲುವುದು ಹೊಡೆಸಿಕೊಳ್ಳಲು ನಿಂತಂತೆ.

ಪದಬಂಧ

ಪತ್ರಿಕೆಯ ಪದಬಂಧ ಕೈಗಿಂತ ತಲೆಗೆ ಕೆಲಸ, ಅದಕ್ಕೇ ಕೊನೆಗೆ. ಆ್ಯಪ್‌ನಲ್ಲಿ ಬಿಡಿಸುವುದಾದರೆ ಬೇಡವೇ ಬೇಡ, ಬಿಟ್ಟ ಫೋನನ್ನೇ ಮತ್ತೆ ಹಿಡಿದ ಹಾಗೆ. ಕಾಗದದಲ್ಲೂ ಒಂದು ಬಲೆ ಇದೆ: ನಾಲ್ಕಕ್ಷರದ ಒಂದು ಪದ ಹೊಳೆಯದೆ ಗೂಗಲ್ ತೆರೆದರೆ ಅರ್ಧ ತಾಸು ಹೋಯಿತೆಂದೇ ಲೆಕ್ಕ. ಪೆನ್ಸಿಲಿನಲ್ಲೇ ಬರೆಯಿರಿ, ಹೊಳೆಯದ ಮನೆಗಳನ್ನು ಖಾಲಿ ಬಿಡಿ. ಉತ್ತರ ನಾಳೆಯ ಪತ್ರಿಕೆಯಲ್ಲಿ ಹೇಗೂ ಬರುತ್ತದೆ.