ವಿದೇಶದಲ್ಲಿ ಬಾಡಿಗೆ ಕಾರಿನ ವಿಮೆ: ಕೌಂಟರ್, ಕ್ರೆಡಿಟ್ ಕಾರ್ಡ್, ಹೊರಗಿನ ಪಾಲಿಸಿ, ಯಾವುದು ಯಾವಾಗ?

ವಿದೇಶದಲ್ಲಿ ಕಾರು ಬಾಡಿಗೆಗೆ ತಗೊಂಡರೆ ಅದರ ವಿಮೆಗೆ ಮುಖ್ಯವಾಗಿ ಮೂರು ದಾರಿಗಳಿವೆ. ಒಂದು, ಕೌಂಟರಿನಲ್ಲೇ ದಿನಕ್ಕಿಷ್ಟು ಅಂತ ದುಡ್ಡು ಕೊಟ್ಟು ಕೊಳ್ಳುವ ಜೀರೋ ಎಕ್ಸೆಸ್, ಅಂದರೆ ಕಾರಿಗೆ ಹಾನಿಯಾದರೆ ನಿಮ್ಮ ಪಾಲಿಗೆ ಏನೂ ಉಳಿಯದ ಕವರ್. ಇನ್ನೊಂದು, ಕೆಲವು ಕ್ರೆಡಿಟ್ ಕಾರ್ಡುಗಳ ಜೊತೆಗೇ ಬರುವ ಕವರ್. ಮೂರನೆಯದು, ಹೊರಡುವ ಮುಂಚೆಯೇ ಬೇರೆ ವಿಮಾ ಕಂಪನಿಯಿಂದ ಕೊಳ್ಳುವ ಎಕ್ಸೆಸ್ ಪಾಲಿಸಿ, ಬಾಡಿಗೆ ಕಂಪನಿಗೆ ನೀವು ಕಟ್ಟಿದ ಪಾಲನ್ನು ಆಮೇಲೆ ವಾಪಸ್ ಕೊಡುವಂಥದ್ದು. ಬೇರೆ ಬೇರೆ ಪ್ರವಾಸಗಳಲ್ಲಿ ಮೂರನ್ನೂ ಬಳಸಿದ್ದೇನೆ, ಕ್ಲೇಮಿನ ತನಕವೂ ಹೋಗಿದ್ದೇನೆ. ಎಲ್ಲರೂ ಇವನ್ನು ದರ ನೋಡಿ ಹೋಲಿಸುತ್ತಾರೆ. ಆದರೆ ನಾನೀಗ ಮೊದಲು ನೋಡುವುದು ಬೇರೆಯದನ್ನು: ಕಾರಿಗೆ ಗೀರು ಬಿದ್ದ ದಿನ ಯಾರ ದುಡ್ಡು ಮೊದಲು ಹೋಗುತ್ತದೆ, ಆಮೇಲೆ ಕಾಗದಪತ್ರ ಹಿಡಿದು ಬಡಿದಾಡುವವರು ಯಾರು?

ಯುರೋಪಿನಲ್ಲಿ ಬುಕ್ ಮಾಡಿದರೆ ಬಾಡಿಗೆಯಲ್ಲೇ ಸಿಡಿಡಬ್ಲ್ಯೂ (ಕೊಲಿಷನ್ ಡ್ಯಾಮೇಜ್ ವೇವರ್) ಮತ್ತು ಕಳ್ಳತನದ ರಕ್ಷಣೆ ಸಾಮಾನ್ಯವಾಗಿ ಸೇರಿರುತ್ತವೆ. "ಇನ್ಶೂರೆನ್ಸ್ ಇದೆಯಲ್ಲ, ಮತ್ತೇಕೆ ಮಾರ್ತಿದ್ದಾರೆ?" ಅಂತ ಗೊಂದಲ ಶುರುವಾಗುವುದೇ ಇಲ್ಲಿ. ಸಿಡಿಡಬ್ಲ್ಯೂ ಅಂದರೆ ಬಾಡಿಗೆ ಕಂಪನಿ ಕೊಡುವ ಒಂದು ಮಾತು ಅಷ್ಟೇ: ಕಾರಿಗೆ ಎಷ್ಟೇ ಹಾನಿಯಾದರೂ ಇಂತಿಷ್ಟು ಮಿತಿಗಿಂತ ಜಾಸ್ತಿ ನಿಮ್ಮಿಂದ ವಸೂಲು ಮಾಡುವುದಿಲ್ಲ. ಆ ಮಿತಿಯೇ ಎಕ್ಸೆಸ್. ಚಿಕ್ಕ ಕಾರಿಗೇ ಅದು 1000ದಿಂದ 2000 ಯೂರೋ ಇರುವುದು ಮಾಮೂಲು, ದೊಡ್ಡ ಕಾರಿಗೆ ಇನ್ನೂ ಮೇಲೆ. ಅದರಲ್ಲೂ ಟೈರು, ಗಾಜು, ಮೇಲ್ಛಾವಣಿ, ಕಾರಿನ ಅಡಿಭಾಗ ಇವೆಲ್ಲ ಎಷ್ಟೋ ಒಪ್ಪಂದಗಳಲ್ಲಿ ಹೊರಗೇ ಉಳಿಯುತ್ತವೆ. ಸುಮ್ನೆ ಪಾರ್ಕಿಂಗ್ ಮಾಡುವಾಗ ಹಾಳಾಗುವುದು ಅವೇ ಅಲ್ವಾ?

ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಬರೀ ಬಾಡಿಗೆ ದರದಲ್ಲಿ ಕಾರಿನ ಹಾನಿಗೆ ಏನೂ ಇಲ್ಲದಿರಬಹುದು. ಹಾನಿ, ಕಳ್ಳತನ ಎರಡಕ್ಕೂ ಸೇರಿದ ಎಲ್‌ಡಿಡಬ್ಲ್ಯೂ (ಲಾಸ್ ಡ್ಯಾಮೇಜ್ ವೇವರ್) ಅನ್ನುವುದನ್ನು ಬೇರೆಯಾಗಿ ಮಾರುತ್ತಾರೆ, ಅದನ್ನು ಕೊಂಡರೆ ಸಾಮಾನ್ಯವಾಗಿ ಎಕ್ಸೆಸ್ ಅಂತ ಏನೂ ಉಳಿಯುವುದಿಲ್ಲ. ಬೇರೆ ದೇಶದವರು ಅಂತ ನಮೂದಿಸಿ ಬುಕ್ ಮಾಡಿದರೆ ಎಷ್ಟೋ ಕಡೆ ಅದನ್ನು ದರದಲ್ಲೇ ಸೇರಿಸಿದ ಪ್ಯಾಕೇಜ್ ಸಿಗುತ್ತದೆ. ಕೌಂಟರಿಗೆ ಹೋಗಿ ಕೊಳ್ಳುವುದಕ್ಕಿಂತ ನನಗೆ ಅದೇ ಅಗ್ಗಕ್ಕೆ ಸಿಕ್ಕಿದೆ.

ಈಗ ಕೌಂಟರಿನ ಜೀರೋ ಎಕ್ಸೆಸ್‌ಗೆ ಬರೋಣ. ಮೂರರಲ್ಲಿ ಇದೇ ದುಬಾರಿ. ಚಿಕ್ಕ ಕಾರನ್ನು ಅಗ್ಗದ ಸೀಸನ್ನಿನಲ್ಲಿ ತಗೊಂಡರೆ ದಿನದ ಬಾಡಿಗೆಗಿಂತ ದಿನದ ಕವರೇ ಜಾಸ್ತಿ ಆಗುವುದೂ ಉಂಟು. ಆದರೆ ನೆಮ್ಮದಿ ಅಂದರೆ ಇದೇ. ಒಮ್ಮೆ ಕಿರಿದಾದ ಓಣಿಯಲ್ಲಿ ಪಕ್ಕದ ಕನ್ನಡಿ ಗೋಡೆಗೆ ತಾಗಿ ಒಡೆಯಿತು. ಕಾರು ವಾಪಸ್ ಕೊಟ್ಟಾಗ ಒಂದು ಫಾರಂ ತುಂಬಿಸಿಕೊಂಡರು, ಸಹಿ ಹಾಕಿ ವಿಮಾನ ಹಿಡಿದೆ, ಕಥೆ ಮುಗಿಯಿತು. ಕಾರ್ಡಿನ ಮೇಲೆ ತಡೆಹಿಡಿಯುವ ಡೆಪಾಸಿಟ್ ಕೂಡ ಇದರಲ್ಲಿ ಬಹಳ ಕಡಿಮೆ. ಹೋಟೆಲು, ಊಟ ಎಲ್ಲಕ್ಕೂ ಅದೇ ಕಾರ್ಡು ಬಳಸುವವರಿಗೆ ಇದು ಸಣ್ಣ ವಿಷಯ ಅಲ್ಲ.

ಹಾಗಂತ ಜೀರೋ ಅಂದರೆ ಪೂರ್ತಿ ಜೀರೋ ಅಂತ ನಂಬಬೇಡಿ. ತಪ್ಪು ಇಂಧನ ಹಾಕಿದ್ದು, ಕೀ ಕಳೆದದ್ದು ಇದರೊಳಗೆ ಬರದೇ ಇರಬಹುದು. ಐಸ್‌ಲ್ಯಾಂಡನ್ನೇ ತಗೊಳ್ಳಿ. ಅಲ್ಲಿ ಜಲ್ಲಿಕಲ್ಲು ಸಿಡಿದು ಆಗುವ ಹಾನಿಗೆ ಒಂದು ಕವರ್, ಮರಳು ಮತ್ತು ಜ್ವಾಲಾಮುಖಿ ಬೂದಿ ಗಾಳಿಗೆ ಬಂದು ಬಣ್ಣ ಕಿತ್ತುಹೋಗುವುದಕ್ಕೆ ಇನ್ನೊಂದು ಕವರ್. ಇಷ್ಟೆಲ್ಲ ಕೊಂಡರೂ ನದಿ ದಾಟುವಾಗ ನೀರು ನುಗ್ಗಿ ಎಂಜಿನ್ ಕೆಟ್ಟರೆ ಸಾಮಾನ್ಯವಾಗಿ ಯಾವ ಕವರೂ ಬರುವುದಿಲ್ಲ. ಬಾಗಿಲು ತೆಗೆದಾಗ ಗಾಳಿ ಎಳೆದು ಹಿಂಜು ಮುರಿದರೂ ಹೆಚ್ಚಿನ ಕಡೆ ಅದು ನಿಮ್ಮದೇ ಖರ್ಚು. ಅಲ್ಲಿ ಗಾಳಿಯ ಕಡೆಗೆ ಮುಖ ಮಾಡಿ ಕಾರು ನಿಲ್ಲಿಸುವುದನ್ನು ನಾನು ಬಹಳ ಬೇಗ ಕಲಿತೆ.

ಕ್ರೆಡಿಟ್ ಕಾರ್ಡ್ ಕವರ್ ಪುಕ್ಕಟೆ, ಅದಕ್ಕೇ ಎಲ್ಲರಿಗೂ ಅದರ ಮೇಲೆ ಕಣ್ಣು. ಆದರೆ ಷರತ್ತುಗಳು ಬಿಗಿ. ಪೂರ್ತಿ ಬಾಡಿಗೆ ಆ ಕಾರ್ಡಿನಿಂದಲೇ ಹೋಗಿರಬೇಕು, ಒಪ್ಪಂದ ಕಾರ್ಡಿನಲ್ಲಿ ಹೆಸರಿರುವವರ ಹೆಸರಲ್ಲೇ ಇರಬೇಕು, ಕೌಂಟರಿನವರು ಮಾರುವ ಸಿಡಿಡಬ್ಲ್ಯೂ ಬೇಡ ಅಂತ ಹೇಳಿರಬೇಕು. ಒಂದೇ ಬಾಡಿಗೆಗೆ ದಿನಗಳ ಮಿತಿ ಇರುತ್ತದೆ, ವಿದೇಶದಲ್ಲಿ 31 ದಿನ ಅನ್ನುವುದು ಎಷ್ಟೋ ಕಾರ್ಡುಗಳಲ್ಲಿ ಕಾಣುವ ಅಂಕಿ. ದೊಡ್ಡ ವ್ಯಾನು, ಟ್ರಕ್ಕು, ಭಾರಿ ಬೆಲೆಯ ಕಾರು ಇವಕ್ಕೆ ಇಲ್ಲ. ಕೆಲವು ದೇಶಗಳಿಗೂ ಇಲ್ಲ: ಐರ್ಲೆಂಡ್, ಇಸ್ರೇಲ್, ಜಮೈಕಾ ಬಹಳ ಕಾರ್ಡುಗಳ ಹೊರಗಿಟ್ಟ ಪಟ್ಟಿಯಲ್ಲಿ ಇದ್ದದ್ದೇ. ನಿಮ್ಮ ಕಾರ್ಡು ಐರ್ಲೆಂಡಿಗೆ ಒಪ್ಪಿದರೂ, ಅಲ್ಲಿನ ಕೌಂಟರಿನವರು ಹಾಗಂತ ಬ್ಯಾಂಕಿನ ಪತ್ರ ತೋರಿಸಿ ಅಂತ ಕೇಳಬಹುದು. ಪತ್ರ ಇಲ್ಲದಿದ್ದರೆ ಅವರ ಕವರನ್ನೇ ಕೊಳ್ಳಬೇಕಾಗಬಹುದು.

ಪ್ರೈಮರಿಯೋ ಸೆಕೆಂಡರಿಯೋ ಅಂತಲೂ ನೋಡಿ. ಸೆಕೆಂಡರಿ ಆದರೆ ನಿಮ್ಮ ಬೇರೆ ವಿಮೆ ಏನಾದರೂ ಇದ್ದರೆ ಅದು ಮೊದಲು ಕೊಡಬೇಕು, ಮಿಕ್ಕಿದ್ದಕ್ಕೆ ಮಾತ್ರ ಕಾರ್ಡು. ಪ್ರೈಮರಿ ಆದರೆ ನೇರವಾಗಿ ಕಾರ್ಡಿನವರೇ. ಇನ್ನು ಡೆಪಾಸಿಟ್: ಕೌಂಟರಿನಲ್ಲಿ ಬೇಡ ಅಂದ ತಕ್ಷಣ ಎಷ್ಟೋ ಕಡೆ ಪೂರ್ತಿ ಎಕ್ಸೆಸ್‌ನಷ್ಟು ಮೊತ್ತವನ್ನು ಕಾರ್ಡಿನ ಮೇಲೆ ತಡೆಹಿಡಿಯುತ್ತಾರೆ. ಅಷ್ಟು ಮಿತಿ ಉಳಿದಿಲ್ಲ ಅಂದರೆ ಕೀ ಕೊಡುವುದಿಲ್ಲ, ಅಥವಾ "ಹಾಗಾದರೆ ನಮ್ಮ ಕವರ್ ತಗೊಳ್ಳಿ" ಅನ್ನುತ್ತಾರೆ. ಆ ಕ್ಷಣದಲ್ಲಿ ಬೇರೆ ದಾರಿ ಇರುವುದಿಲ್ಲ, ಅದು ಅವರಿಗೂ ಗೊತ್ತು.

ಹೊರಗಿನ ಎಕ್ಸೆಸ್ ಪಾಲಿಸಿ ನನಗೆ ಹೆಚ್ಚು ಇಷ್ಟವಾದದ್ದು, ಹೆಚ್ಚು ತಲೆನೋವು ಕೊಟ್ಟದ್ದೂ ಅದೇ. ಕೌಂಟರಿನ ದರಕ್ಕೆ ಹೋಲಿಸಿದರೆ ತುಂಬಾ ಅಗ್ಗ, ವರ್ಷಕ್ಕೊಂದು ಸಲ ಕೊಳ್ಳುವ ಯೋಜನೆಯೂ ಸಿಗುತ್ತದೆ. ಟೈರು, ಗಾಜು, ಅಡಿಭಾಗ, ಮೇಲ್ಛಾವಣಿ ಬಹಳಷ್ಟು ಪಾಲಿಸಿಗಳಲ್ಲಿ ಸೇರಿರುತ್ತವೆ. ಕಾರು ಕೈಗೆ ಬರುವ ಮುಂಚೆಯೇ ಕೊಳ್ಳಬೇಕು, ನೀವು ವಾಸಿಸುವ ದೇಶದವರಿಗೆ ಅದನ್ನು ಮಾರುತ್ತಾರಾ ಅಂತ ನೋಡಬೇಕು.

ಕಷ್ಟ ಎಲ್ಲಿ ಅಂದರೆ, ಮೊದಲು ದುಡ್ಡು ನಿಮ್ಮದೇ ಹೋಗುತ್ತದೆ. ನನ್ನ ಕಾರಿನ ಚಕ್ರದ ರಿಮ್ಮು ಫುಟ್‌ಪಾತ್ ಅಂಚಿಗೆ ಉಜ್ಜಿ ಗೀರಾಯಿತು. ಬಾಡಿಗೆ ಕಂಪನಿ ಕಾರ್ಡಿನಿಂದ ದುಡ್ಡು ಎಳೆದುಕೊಂಡಿತು, ಜೊತೆಗೆ ಕಡತ ನೋಡಿದ್ದಕ್ಕೆ ಅಂತ ಒಂದು ಶುಲ್ಕ. ಪಾಲಿಸಿಯವರು ಕೇಳಿದ್ದು ಬಾಡಿಗೆ ಒಪ್ಪಂದ, ಹಾನಿಯ ವರದಿ, ಕಾರ್ಡ್ ಸ್ಟೇಟ್‌ಮೆಂಟ್, ಫೋಟೋ, ರಿಪೇರಿ ಬಿಲ್ಲು. ಮೊದಲ ನಾಲ್ಕು ಸುಲಭ. ಬಿಲ್ಲು ಮಾತ್ರ ಬರಲೇ ಇಲ್ಲ, ಯಾಕೆಂದರೆ ಕಂಪನಿ ಆ ರಿಮ್ಮನ್ನು ರಿಪೇರಿಯೇ ಮಾಡಿಸಿರಲಿಲ್ಲ! ಇಂಥ ಗೀರಿಗೆ ಇಷ್ಟು ಅಂತ ಒಂದು ದರಪಟ್ಟಿ ಇದೆ, ಅದರಂತೆ ಹಾಕಿದ್ದೇವೆ ಅಂದರು. ಆ ದರಪಟ್ಟಿಯನ್ನೇ ಕಳಿಸಿ ಅಂತ ಮೇಲ್ ಮೇಲೆ ಮೇಲ್ ಹಾಕಿ, ಕೊನೆಗೆ ಅದನ್ನೇ ಪಾಲಿಸಿಯವರಿಗೆ ಕೊಟ್ಟ ಮೇಲೆ ದುಡ್ಡು ವಾಪಸ್ ಬಂತು. ವಿನಿಮಯ ದರದಲ್ಲಿ ಸ್ವಲ್ಪ ಕೈಬಿಟ್ಟಿತು, ಇರಲಿ. ಸಿಟ್ಟು ಬಂದದ್ದು ದುಡ್ಡಿಗಲ್ಲ, ಊರಿಗೆ ಬಂದ ಮೇಲೂ ಆ ಪ್ರವಾಸ ಇನ್‌ಬಾಕ್ಸಿನಲ್ಲಿ ಮುಗಿಯದೇ ಇದ್ದದ್ದಕ್ಕೆ.

ಬುಕಿಂಗ್ ವೆಬ್‌ಸೈಟುಗಳು ಕೊನೆಯ ಪುಟದಲ್ಲಿ "ಫುಲ್ ಪ್ರೊಟೆಕ್ಷನ್" ಅಂತ ತಳ್ಳುವುದೂ ಸಾಮಾನ್ಯವಾಗಿ ಇದೇ ಜಾತಿ: ಮೊದಲು ನೀವು ಕಟ್ಟಿ, ಆಮೇಲೆ ನಾವು ಕೊಡುತ್ತೇವೆ. ನೇರವಾಗಿ ಕೊಳ್ಳುವ ಪಾಲಿಸಿಗಿಂತ ದರ ಜಾಸ್ತಿಯೇ ಕಂಡಿದ್ದೇನೆ. ಕೌಂಟರಿನವರು "ಇದು ನಮ್ಮದಲ್ಲ" ಅಂದರೆ ಮೋಸ ಅಂದುಕೊಳ್ಳಬೇಡಿ, ಅವರು ಹೇಳುವುದು ನಿಜ.

ಇಷ್ಟೆಲ್ಲ ಹೋಲಿಕೆಯೂ ಬಾಡಿಗೆ ಕಾರಿನ ಹಾನಿಯ ಬಗ್ಗೆ ಮಾತ್ರ. ನೀವು ಇನ್ನೊಬ್ಬರಿಗೆ ಗುದ್ದಿದರೆ? ಎಕ್ಸೆಸ್ ಪಾಲಿಸಿಯಾಗಲಿ ಕಾರ್ಡ್ ಕವರ್ ಆಗಲಿ ಸಾಮಾನ್ಯವಾಗಿ ಅಲ್ಲಿ ಕೈಗೆ ಬರುವುದಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಬಾಡಿಗೆಯಲ್ಲೇ ಇರುತ್ತದೆ, ಮೊತ್ತವೂ ದೊಡ್ಡದು, ಚಿಂತೆಯಿಲ್ಲ. ಅಮೆರಿಕದಲ್ಲಿ ಚಿಂತೆ ಮಾಡಲೇಬೇಕು. ಅಲ್ಲಿ ಪ್ರತಿ ರಾಜ್ಯಕ್ಕೂ ಅದರದೇ ಕನಿಷ್ಠ ಮೊತ್ತ. ಕ್ಯಾಲಿಫೋರ್ನಿಯಾ 2025ರ ಜನವರಿಯಿಂದ ಅದನ್ನು ಏರಿಸಿ ಒಬ್ಬ ಗಾಯಾಳುವಿಗೆ 30,000 ಡಾಲರ್, ಒಂದು ಅಪಘಾತಕ್ಕೆ 60,000, ಆಸ್ತಿ ಹಾನಿಗೆ 15,000 ಮಾಡಿದೆ. ಏರಿಸಿದ ಮೇಲೂ ಇಷ್ಟೇ! ಎದುರಿಗೆ ಬಂದದ್ದು ಹೊಸ ಕಾರಾದರೆ ಆ 15,000 ಎಲ್ಲಿಗೂ ಸಾಲದು. ಅದಕ್ಕೇ ಅಮೆರಿಕದಲ್ಲಿ ಎಸ್‌ಎಲ್‌ಐ ಅನ್ನುವ ಹೆಚ್ಚುವರಿ ಲಯಬಿಲಿಟಿ ಕವರನ್ನು ನಾನು ಬಿಡುವುದಿಲ್ಲ, ಬೇರೆ ಏನು ಬಿಟ್ಟರೂ.

ಯಾವ ಕವರ್ ಇದ್ದರೂ ಅದನ್ನು ಕೆಡಿಸುವ ಸಂಗತಿಗಳು ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. ಒಪ್ಪಂದದಲ್ಲಿ ಹೆಸರಿಲ್ಲದವರು ಓಡಿಸಿದ್ದು, ಕುಡಿದು ಓಡಿಸಿದ್ದು, ಬೇಡ ಅಂದ ರಸ್ತೆಗೆ ಇಳಿಸಿದ್ದು, ಹೇಳದೆ ಗಡಿ ದಾಟಿಸಿದ್ದು. ಜಪಾನಿನಲ್ಲಿ ಇನ್ನೊಂದಿದೆ: ಸಣ್ಣ ನಜ್ಜಾದರೂ ಪೊಲೀಸರಿಗೆ ತಿಳಿಸಬೇಕು, ಇಲ್ಲವಾದರೆ ವಿಮೆ ಅನ್ವಯವಾಗುವುದಿಲ್ಲ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ 1949ರ ಜಿನೀವಾ ಒಪ್ಪಂದದ್ದೇ ಆಗಿರಬೇಕು, 1968ರ ವಿಯೆನ್ನಾ ಒಪ್ಪಂದದ್ದು ಅಲ್ಲಿ ನಡೆಯದು. ಕಾರು ರಿಪೇರಿಗೆ ನಿಂತ ದಿನಗಳಿಗೆ ಎನ್‌ಒಸಿ (ನಾನ್ ಆಪರೇಷನ್ ಚಾರ್ಜ್) ಅಂತ ಬೇರೆ ಮೊತ್ತ ಕೇಳುತ್ತಾರೆ, ಸಾಮಾನ್ಯ ಕವರಿನಲ್ಲಿ ಅದು ಬರುವುದಿಲ್ಲ.

ಹಾಗಾಗಿ ನನ್ನ ಆಯ್ಕೆ ಹೀಗೆ. ಐಸ್‌ಲ್ಯಾಂಡ್, ಜಪಾನ್ ಥರದ ಕಡೆ, ಅಥವಾ ಎರಡು ಮೂರು ದಿನದ ಬಾಡಿಗೆಗೆ ಕೌಂಟರಿನದ್ದೇ. ಯುರೋಪಿನಲ್ಲಿ ವಾರಗಟ್ಟಲೆ ಓಡಿಸುವುದಾದರೆ ಹೊರಗಿನ ಪಾಲಿಸಿ, ಕಾರ್ಡಿನಲ್ಲಿ ಡೆಪಾಸಿಟ್‌ಗೆ ಜಾಗ ಇದ್ದರೆ ಮಾತ್ರ. ಅಮೆರಿಕಕ್ಕೆ ಎಲ್ಲ ಸೇರಿದ ಪ್ಯಾಕೇಜ್ ದರ, ಇಲ್ಲವೇ ಪ್ರೈಮರಿ ಕಾರ್ಡು ಮತ್ತು ಎಸ್‌ಎಲ್‌ಐ. ಕಾರು ಪಡೆಯುವಾಗ, ಕೊಡುವಾಗ ಸುತ್ತಲೂ ಒಂದು ವಿಡಿಯೋ ಮಾಡಿಕೊಳ್ಳುವುದು ಮೂರಕ್ಕೂ ಬೇಕು, ರಿಮ್ಮು ಮತ್ತು ಮೇಲ್ಛಾವಣಿ ಸೇರಿಸಿ. ಕಾರ್ಡ್ ಸ್ಟೇಟ್‌ಮೆಂಟನ್ನು ಮಾತ್ರ ತಿಂಗಳುಗಳ ಕಾಲ ನೋಡುತ್ತಿರಿ. ಇಟಲಿಯ ಹಳೇ ಪೇಟೆಗಳ ನಿಷೇಧಿತ ವಲಯಕ್ಕೆ ನುಗ್ಗಿದ್ದರೆ, ನಿಮ್ಮ ವಿಳಾಸವನ್ನು ಪೊಲೀಸರಿಗೆ ಕೊಟ್ಟದ್ದಕ್ಕೆ ಬಾಡಿಗೆ ಕಂಪನಿಯ ಶುಲ್ಕ ಮೊದಲು ಬರುತ್ತದೆ, ದಂಡದ ಕಾಗದ ಎಷ್ಟೋ ತಿಂಗಳಾದ ಮೇಲೆ ಮನೆಗೆ ಬರುತ್ತದೆ. ಅದಕ್ಕೆ ಈ ಮೂರರಲ್ಲಿ ಯಾವುದೂ ಬರುವುದಿಲ್ಲ.