ಬೆನ್ನುಮೂಳೆಯ ಜಾಗದಲ್ಲಿ ಬ್ಯಾಟರಿ: ವೋಲ್ವೋ ಎಕ್ಸ್‌ಸಿ90 ಟಿ8ರ ಜೊತೆ ಹದಿನಾಲ್ಕು ತಿಂಗಳು

ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ಪೆಟ್ರೋಲ್ ಎಸ್‌ಯುವಿಯ ಅಡಿಗೆ ಬಗ್ಗಿ ನೋಡಿದರೆ, ಎಂಜಿನ್ನಿನಿಂದ ಹಿಂದಿನ ಆಕ್ಸಲ್ಲಿನವರೆಗೆ ಹಾದುಹೋಗುವ ಉದ್ದನೆಯ ಉಕ್ಕಿನ ದಂಡವೊಂದು ಸಾಮಾನ್ಯವಾಗಿ ಕಾಣಿಸುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಎಂದು ಕರೆಯುವ ಈ ದಂಡ ಆ ವಾಹನದ ಬೆನ್ನುಮೂಳೆ ಇದ್ದ ಹಾಗೆ. ವೋಲ್ವೋ ಎಕ್ಸ್‌ಸಿ90 ಟಿ8ರಲ್ಲಿ ಅದು ಇಲ್ಲ. ದಂಡಕ್ಕೆ ಮೀಸಲಾಗಿದ್ದ ಸುರಂಗದಲ್ಲಿ ಬ್ಯಾಟರಿಯನ್ನು ಉದ್ದಕ್ಕೆ ಮಲಗಿಸಲಾಗಿದೆ. ಮುಂದಿನ ಚಕ್ರಗಳನ್ನು ಪೆಟ್ರೋಲ್ ಎಂಜಿನ್ನೂ ಹಿಂದಿನ ಚಕ್ರಗಳನ್ನು ವಿದ್ಯುತ್ ಮೋಟಾರೂ ತಿರುಗಿಸುತ್ತವೆ; ಇವೆರಡರ ನಡುವೆ ಕಬ್ಬಿಣದ ಸಂಬಂಧವೇ ಇಲ್ಲ, ಇರುವುದು ತಂತಿ ಮತ್ತು ಸಾಫ್ಟ್‌ವೇರ್ ಮಾತ್ರ. ಕಾರು ಹುಟ್ಟಿದ ಊರಾದ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿಯೇ ಹದಿನಾಲ್ಕು ತಿಂಗಳು ಲೀಸಿನ ಮೇಲೆ ಇದನ್ನು ಓಡಿಸಿದ ನನಗೆ, ಇದರ ಒಳ್ಳೆಯ ಗುಣಗಳೂ ಮಿತಿಗಳೂ ಬಹುಪಾಲು ಈ ಒಂದೇ ತೀರ್ಮಾನದಿಂದ ಹೊರಟಿವೆ ಎನ್ನಿಸಿದೆ.

ಮೊದಲ ಲಾಭ ಜಾಗದ್ದು. ಪ್ಲಗ್-ಇನ್ ಹೈಬ್ರಿಡ್, ಅಂದರೆ ಎಂಜಿನ್ನಿನ ಜೊತೆಗೆ ಸಾಕೆಟ್ಟಿನಿಂದ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಕಾರು, ಮಾಡಲು ಹೊರಟಾಗ ಬ್ಯಾಟರಿಯನ್ನು ಡಿಕ್ಕಿಯ ನೆಲದಡಿ ತುರುಕಿ, ಅದಕ್ಕಾಗಿ ಮೂರನೆಯ ಸಾಲಿನ ಆಸನಗಳನ್ನು ಬಲಿಕೊಟ್ಟ ಕಾರುಗಳು ಬೇಕಾದಷ್ಟಿವೆ. ಎಕ್ಸ್‌ಸಿ90 ಏಳು ಆಸನಗಳನ್ನು ಹಾಗೆಯೇ ಉಳಿಸಿಕೊಂಡಿದೆ. ಭಾರ ನಡುಗೆರೆಯಲ್ಲಿ, ಆದಷ್ಟು ಕೆಳಗೆ ಕುಳಿತಿರುವುದರಿಂದ 2,300 ಕಿಲೋ ತೂಗುವ ಈ ಎತ್ತರದ ಗಾಡಿ ತಿರುವುಗಳಲ್ಲಿ ನಿರೀಕ್ಷಿಸಿದ್ದಕ್ಕಿಂತ ಕಡಿಮೆ ವಾಲುತ್ತದೆ. ಪಕ್ಕದಿಂದ ಬೇರೆ ವಾಹನ ಬಂದು ಗುದ್ದಿದರೂ ಬ್ಯಾಟರಿ ಹೊರಮೈಯಿಂದ ದೂರದಲ್ಲಿರುತ್ತದೆ. ಸುರಕ್ಷತೆಯ ಹೆಸರಿನಲ್ಲೇ ಬದುಕಿರುವ ಕಂಪನಿಗೆ ಇದು ಸಣ್ಣ ಲೆಕ್ಕವೇನಲ್ಲ.

ಈ ಆಲೋಚನೆ ಎಕ್ಸ್‌ಸಿ90ಯಿಂದಲೇ ಶುರುವಾದದ್ದಲ್ಲ. 2012ರಲ್ಲಿ ವೋಲ್ವೋ ತನ್ನ ವಿ60 ಎಸ್ಟೇಟ್ ಕಾರಿನಲ್ಲಿ ಮುಂದೆ ಐದು ಸಿಲಿಂಡರಿನ ಡೀಸೆಲ್ ಎಂಜಿನ್, ಹಿಂದೆ ವಿದ್ಯುತ್ ಮೋಟಾರು ಇಟ್ಟು ಜಗತ್ತಿನ ಮೊದಲ ಡೀಸೆಲ್ ಪ್ಲಗ್-ಇನ್ ಹೈಬ್ರಿಡ್ಡನ್ನು ಮಾರುಕಟ್ಟೆಗೆ ತಂದಿತ್ತು. ಆದರೆ ಅದು ಇದ್ದ ಕಾರಿನೊಳಗೆ ಹೊಸ ವ್ಯವಸ್ಥೆಯನ್ನು ಕೂರಿಸಿದ ಕೆಲಸ. 2014ರಲ್ಲಿ ಅನಾವರಣಗೊಂಡ ಎರಡನೆಯ ತಲೆಮಾರಿನ ಎಕ್ಸ್‌ಸಿ90ಯ ಚಾಸಿಯನ್ನು ಮೊದಲ ಗೆರೆಯಿಂದಲೇ ಹೈಬ್ರಿಡ್ಡಿಗೂ ಒಗ್ಗುವಂತೆ ರೂಪಿಸಲಾಯಿತು. ಅದೇ ಹೊತ್ತಿಗೆ ಕಂಪನಿ ಇನ್ನೊಂದು ದಿಟ್ಟ ನಿರ್ಧಾರವನ್ನೂ ಮಾಡಿತ್ತು: ಇನ್ನು ಮುಂದೆ ಯಾವ ಎಂಜಿನ್ನಿಗೂ ನಾಲ್ಕಕ್ಕಿಂತ ಹೆಚ್ಚು ಸಿಲಿಂಡರ್ ಇರಕೂಡದು. ಮೊದಲ ತಲೆಮಾರಿನ ಎಕ್ಸ್‌ಸಿ90ಯಲ್ಲಿ ಜಪಾನಿನ ಯಮಹಾ ತಯಾರಿಸಿಕೊಡುತ್ತಿದ್ದ 4.4 ಲೀಟರಿನ ವಿ8 ಎಂಜಿನ್ ಇತ್ತು, ಅದರ ಬಲ 315 ಅಶ್ವಶಕ್ತಿ. ಅದರ ಜಾಗಕ್ಕೆ 1,969 ಸಿಸಿಯ ಪುಟ್ಟ ಎಂಜಿನ್ ಬಂದಾಗ ಉಂಟಾಗುವ ಕೊರತೆಯನ್ನು ತುಂಬುವ ಹೊಣೆ ವಿದ್ಯುತ್ತಿನ ಪಾಲಿಗೆ ಬಂತು.

2015ರ ಮೊದಲ ಟಿ8ರಲ್ಲಿ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕಿ ಬಲ ಹೆಚ್ಚಿಸುವ ಸೂಪರ್‌ಚಾರ್ಜರ್ (ಬೆಲ್ಟಿನಿಂದ ತಿರುಗುವುದು) ಮತ್ತು ಟರ್ಬೊ (ಹೊಗೆಯ ಒತ್ತಡದಿಂದ ತಿರುಗುವುದು) ಎರಡನ್ನೂ ಜೋಡಿಸಿ 320 ಅಶ್ವಶಕ್ತಿ ಹಿಂಡಿದ್ದರು. ಹಿಂದಿನ ಮೋಟಾರಿನದು 87, ಒಟ್ಟು 407. ನಾನು ಓಡಿಸಿದ್ದು 2022ರಲ್ಲಿ ಪರಿಷ್ಕರಿಸಿದ ರೂಪ. ಇದರಲ್ಲಿ ಹಿಂದಿನ ಮೋಟಾರು 145 ಅಶ್ವಶಕ್ತಿಗೆ, 309 ನ್ಯೂಟನ್ ಮೀಟರ್ ಟಾರ್ಕಿಗೆ (ಚಕ್ರ ತಿರುಗಿಸುವ ಬಲಕ್ಕೆ) ಬಲಿತಿದೆ. ಹಾಗೆ ಬಲಿತದ್ದರಿಂದಲೇ ಸೂಪರ್‌ಚಾರ್ಜರನ್ನು ಕಿತ್ತು ಹಾಕಲು ಸಾಧ್ಯವಾಯಿತು. ಸೂಪರ್‌ಚಾರ್ಜರ್ ಇದ್ದದ್ದು ಟರ್ಬೊ ಎಚ್ಚರಗೊಳ್ಳುವ ತನಕದ ಆರಂಭದ ತೊಡರನ್ನು ನಿವಾರಿಸಲು. ನಿಂತಲ್ಲಿಂದಲೇ ಪೂರ್ತಿ ಟಾರ್ಕ್ ಕೊಡುವ ಮೋಟಾರು ಅದನ್ನು ಸಲೀಸಾಗಿ ಮಾಡುತ್ತಿರುವಾಗ, ಬೆಲ್ಟು ಕಟ್ಟಿ ತಿರುಗಿಸುವ ಇನ್ನೊಂದು ಯಂತ್ರ ಏಕೆ? ಟರ್ಬೊ ಒಂದನ್ನೇ ನೆಚ್ಚಿದ ಎಂಜಿನ್ 310, ಎಲ್ಲ ಸೇರಿ 455 ಅಶ್ವಶಕ್ತಿ, 709 ನ್ಯೂಟನ್ ಮೀಟರ್. ಒಂದು ಭಾಗವನ್ನು ತೆಗೆದುಹಾಕಿ ಕಾರನ್ನು ಇನ್ನಷ್ಟು ಬಲಶಾಲಿ ಮಾಡುವುದು ನನ್ನ ಮಟ್ಟಿಗೆ ಒಳ್ಳೆಯ ಎಂಜಿನಿಯರಿಂಗಿನ ಲಕ್ಷಣ.

ಇವೆರಡರ ಜೊತೆಗೆ ಮೂರನೆಯ ಯಂತ್ರವೊಂದಿದೆ, ಅದರ ಸುದ್ದಿಯನ್ನು ಜಾಹೀರಾತುಗಳು ಎತ್ತುವುದಿಲ್ಲ. ಎಂಜಿನ್ನಿಗೂ ಎಂಟು ಹಂತದ ಗೇರ್‌ಬಾಕ್ಸಿಗೂ ನಡುವೆ ಕುಳಿತ ಇದು ಸ್ಟಾರ್ಟರೂ ಹೌದು, ಜನರೇಟರೂ ಹೌದು. ಚಲಿಸುತ್ತಿರುವಾಗಲೇ ಎಂಜಿನ್ನನ್ನು ಸದ್ದಿಲ್ಲದೆ ಎಬ್ಬಿಸುವುದು ಇದರ ಕೆಲಸ. ಹಿಮದ ರಸ್ತೆಯಲ್ಲಿ ನಾಲ್ಕು ಚಕ್ರಗಳ ಮೋಡ್ ಆಯ್ದುಕೊಂಡಾಗ ಎಂಜಿನ್ನಿನಿಂದ ವಿದ್ಯುತ್ ತೆಗೆದು ಹಿಂದಿನ ಮೋಟಾರಿಗೆ ಉಣಿಸುವುದೂ ಇದೇ. ಆದ್ದರಿಂದ ಬ್ಯಾಟರಿಯ ಸೂಚಕ ಸೊನ್ನೆ ತೋರಿಸಿದರೂ ಹಿಂದಿನ ಚಕ್ರಗಳು ಅನಾಥವಾಗುವುದಿಲ್ಲ. ಕಾರು ತನ್ನ ಪಾಲಿಗೆ ಒಂದಿಷ್ಟು ಚಾರ್ಜನ್ನು ಬಚ್ಚಿಟ್ಟುಕೊಂಡೇ ಇರುತ್ತದೆ.

ಓಡಿಸುವಾಗ ಇದೆಲ್ಲ ಹೇಗಿರುತ್ತದೆ? ಹರಳಿನ ಗೇರ್ ಹಿಡಿಯನ್ನು ಡಿ ಸ್ಥಾನಕ್ಕೆ ತಂದು ಪೆಡಲಿನ ಮೇಲೆ ಕಾಲಿಟ್ಟರೆ ಗಾಡಿ ಉಸಿರೆತ್ತದೆ ಹೊರಡುತ್ತದೆ. ಚಾಲಕನೆದುರಿನ ಪರದೆಯಲ್ಲಿ ಶಕ್ತಿಯ ಮಾಪಕವೊಂದಿದ್ದು, ಅದರ ಮೇಲೆ ಮಿಂಚಿನ ಗುರುತು ಮತ್ತು ಹನಿಯ ಗುರುತು ಇವೆ. ಕಾಲು ಒತ್ತಿದಷ್ಟೂ ಮುಳ್ಳು ಮೇಲೇರುತ್ತದೆ. ಅದು ಹನಿಯನ್ನು ಮುಟ್ಟಿದ ಕ್ಷಣ ಎಂಜಿನ್ ಏಳುತ್ತದೆ. ಮೊದಲ ವಾರದಲ್ಲೇ ಮುಳ್ಳನ್ನು ಹನಿಗಿಂತ ಒಂದು ಕೂದಲೆಳೆ ಕೆಳಗೆ ಹಿಡಿದಿಡುವ ಆಟಕ್ಕೆ ನಾನು ಬಿದ್ದೆ. ಟ್ರಾಮುಗಳ ಹಿಂದೆ ಸಾಗುವ ಈ ಊರಿನಲ್ಲಿ ಅದು ಕಷ್ಟವೇನಲ್ಲ. ದಿನಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರಿನ ನನ್ನ ಓಡಾಟದಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಪೆಟ್ರೋಲ್ ಬಂಕಿನ ದಾರಿಯೇ ಮರೆತುಹೋಗಿತ್ತು.

ಆಟ ಬಿಟ್ಟು ಪೆಡಲನ್ನು ನೆಲಕ್ಕೊತ್ತಿದರೆ 5.3 ಸೆಕೆಂಡಿನಲ್ಲಿ ನೂರು ಕಿಲೋಮೀಟರ್ ವೇಗ. ಈ ಅಂಕಿಗಿಂತ ನನಗೆ ಮುಖ್ಯವಾಗಿ ಕಂಡದ್ದು 60ರಿಂದ 100ರ ನಡುವಿನ ಜಿಗಿತ: ಲಾರಿಯನ್ನು ಹಿಂದೆ ಹಾಕಬೇಕಾದಾಗ ಗೇರ್‌ಬಾಕ್ಸ್ ಇನ್ನೂ ಯೋಚಿಸುತ್ತಿರುವಷ್ಟರಲ್ಲಿ ಹಿಂದಿನ ಮೋಟಾರು ಬೆನ್ನಿಗೆ ಕೈಕೊಟ್ಟು ತಳ್ಳಿರುತ್ತದೆ. ಆದರೆ ಎಂಜಿನ್ನಿನ ದನಿಯ ವಿಷಯದಲ್ಲಿ ದಾಕ್ಷಿಣ್ಯ ತೋರಲಾರೆ. ಇಷ್ಟು ಬೆಲೆಯ, ಇಷ್ಟು ನಿಶ್ಶಬ್ದವಾದ ಕೋಣೆಯೊಳಗೆ ಕುಳಿತಾಗ 4,000 ಸುತ್ತು ದಾಟಿದ ನಾಲ್ಕು ಸಿಲಿಂಡರಿನ ಒರಟು ಗೊಣಗಾಟ ಕಿವಿಗೆ ಒಗ್ಗುವುದಿಲ್ಲ. ವಿದ್ಯುತ್ತಿನ ಮೌನವೇ ಈ ದೋಷವನ್ನು ಎತ್ತಿ ತೋರಿಸುತ್ತದೆ. ಮೌನವಿಲ್ಲದಿದ್ದರೆ ಇದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಆರು ಸಿಲಿಂಡರಿಗೆ ಮೋಟಾರು ಜೋಡಿಸುವ ಬಿಎಂಡಬ್ಲ್ಯು ಎಕ್ಸ್5 ಈ ಒಂದು ವಿಷಯದಲ್ಲಿ ಖಂಡಿತ ಮೇಲು. ಗರಿಷ್ಠ ವೇಗವನ್ನು ಕಂಪನಿ 2020ರಿಂದ ತನ್ನ ಎಲ್ಲ ಕಾರುಗಳಂತೆ ಇದಕ್ಕೂ 180ಕ್ಕೆ ಕಟ್ಟಿಹಾಕಿದೆ. ಜರ್ಮನಿಯ ಗೆಳೆಯರು ಇದನ್ನು ಕೇಳಿ ನಗುತ್ತಾರೆ. ಸ್ವೀಡನ್ನಿನ ಹೆದ್ದಾರಿಯಲ್ಲಿ ಮಿತಿ 110ರಿಂದ 120 ಇರುವುದರಿಂದ ನನಗೆ ಅದರಿಂದ ಏನೂ ಕಳೆದುಹೋಗಲಿಲ್ಲ.

ಬ್ರೇಕಿನ ಬಗ್ಗೆಯೂ ಒಂದು ಮಾತು. ಪೆಡಲಿಗೂ ಚಕ್ರಕ್ಕೂ ನಡುವೆ ನೇರ ಒತ್ತಡದ ಬದಲು ಗಣಕದ ತೀರ್ಮಾನವಿರುವುದರಿಂದ, ಹಗುರವಾಗಿ ಒತ್ತಿದಾಗ ಮೋಟಾರು ಜನರೇಟರಾಗಿ ವೇಗವನ್ನು ವಿದ್ಯುತ್ತಾಗಿ ಹಿಂದಕ್ಕೆ ಪಡೆಯುತ್ತದೆ. ಜೋರಾಗಿ ಒತ್ತಿದಾಗಷ್ಟೇ ಡಿಸ್ಕುಗಳು ಕೆಲಸಕ್ಕಿಳಿಯುತ್ತವೆ. ಒಂದರಿಂದ ಇನ್ನೊಂದಕ್ಕೆ ದಾಟುವ ಹೊಸ್ತಿಲು ಪೂರ್ತಿ ನಯವಾಗಿಲ್ಲ. ನಿಲ್ಲುವ ಕೊನೆಯ ಎರಡು ಮೀಟರಿನಲ್ಲಿ ಮುಂದೆ ಕುಳಿತವರ ತಲೆ ಸಣ್ಣಗೆ ತೂಗುವುದನ್ನು ತಪ್ಪಿಸಲು ನನ್ನ ಪಾದಕ್ಕೆ ಎರಡು ತಿಂಗಳು ಬೇಕಾಯಿತು. ಇಳಿಜಾರಿನಲ್ಲಿ ಗೇರ್ ಹಿಡಿಯನ್ನು, ಮೋಟಾರೇ ಹೆಚ್ಚು ತಡೆಹಿಡಿಯುವ ಬಿ ಸ್ಥಾನಕ್ಕೆ ತಂದರೆ ಬ್ರೇಕಿನ ಅಗತ್ಯವೇ ಕಡಿಮೆಯಾಗುತ್ತದೆ.

ಇನ್ನು ಬ್ಯಾಟರಿಯ ಲೆಕ್ಕ. ಒಟ್ಟು 18.8 ಕಿಲೋವ್ಯಾಟ್ ಅವರ್ ಇದ್ದರೂ ಬಳಕೆಗೆ ಸಿಗುವುದು 14.9. ಯುರೋಪಿನ ಪರೀಕ್ಷಾ ವಿಧಾನದಂತೆ ಇದರ ಓಟ ಸುಮಾರು 70 ಕಿಲೋಮೀಟರ್. ಜುಲೈಯ ಊರೊಳಗಿನ ಓಡಾಟದಲ್ಲಿ ನನಗೆ 60 ದಕ್ಕಿತು, ಜನವರಿಯಲ್ಲಿ 40 ದಾಟಲಿಲ್ಲ. ಹೆದ್ದಾರಿಯ ಕಥೆ ಬೇರೆಯೇ. ಗೋಥೆನ್‌ಬರ್ಗ್‌ನಿಂದ ಬೋರೋಸ್ ಪಟ್ಟಣಕ್ಕೆ ಸುಮಾರು 65 ಕಿಲೋಮೀಟರ್. ಲ್ಯಾಂಡ್‌ವೆಟರ್ ವಿಮಾನ ನಿಲ್ದಾಣವನ್ನು ಹಾದು ಏರುತ್ತಲೇ ಹೋಗುವ ಆ ದಾರಿಯಲ್ಲಿ, ಪೂರ್ತಿ ಚಾರ್ಜ್ ಮಾಡಿಕೊಂಡು 110ರ ವೇಗದಲ್ಲಿ ಹೊರಟರೆ ಬೊಲೆಬಿಗ್ಡ್ ಹತ್ತಿರ ಬ್ಯಾಟರಿ ಕೈಚೆಲ್ಲುತ್ತದೆ. ಅಲ್ಲಿಂದಾಚೆಗೆ ಇದು ಭಾರವಾದ ಪೆಟ್ರೋಲ್ ಕಾರು. ಓಸ್ಲೋಗೆ ಹೋಗಿ ಬಂದ ಪ್ರವಾಸದಲ್ಲಿ ನೂರು ಕಿಲೋಮೀಟರಿಗೆ 9 ಲೀಟರಿನಷ್ಟು ಕುಡಿಯಿತು, ಅಂದರೆ ನಮ್ಮ ಲೆಕ್ಕದಲ್ಲಿ ಲೀಟರಿಗೆ 11 ಕಿಲೋಮೀಟರ್.

ಕಾಗದದ ಮೇಲೆ ಈ ಕಾರಿನ ಇಂಗಾಲದ ಹೊರಸೂಸುವಿಕೆ ಕಿಲೋಮೀಟರಿಗೆ 30 ಗ್ರಾಮಿನ ಆಸುಪಾಸು. ಅಂಥ ಅಂಕಿಯನ್ನು ಯಾರೂ ಸುಮ್ಮನೆ ನಂಬಬಾರದು. ವಾಹನಗಳೊಳಗಿನ ಮಾಪಕಗಳಿಂದಲೇ ಸಂಗ್ರಹಿಸಿದ ಮಾಹಿತಿಯನ್ನು ಆಧರಿಸಿ ಯುರೋಪಿಯನ್ ಆಯೋಗ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪ್ಲಗ್-ಇನ್ ಹೈಬ್ರಿಡ್ಡುಗಳು ನಿಜವಾದ ರಸ್ತೆಯಲ್ಲಿ ಪ್ರಯೋಗಾಲಯದ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು ಹೆಚ್ಚು ಇಂಗಾಲ ಉಗುಳುತ್ತವೆ. ಕಾರಣ ಸರಳ: ಪರೀಕ್ಷೆಯ ಸೂತ್ರ ಮಾಲೀಕ ತಪ್ಪದೆ ಚಾರ್ಜ್ ಮಾಡುತ್ತಾನೆಂದು ಭಾವಿಸುತ್ತದೆ, ಮಾಲೀಕ ಮಾಡುವುದಿಲ್ಲ. ಕಂಪನಿಯೇ ಕಾರು ಮತ್ತು ಪೆಟ್ರೋಲ್ ಕಾರ್ಡು ಎರಡನ್ನೂ ಕೊಟ್ಟರೆ ರಾತ್ರಿ ಚಳಿಯಲ್ಲಿ ಕೇಬಲ್ ಎಳೆಯುವವರು ಯಾರು?

ಆ ಕೇಬಲ್ಲಿನ ಅನುಭವವನ್ನೂ ಹೇಳಬೇಕು. ಚಾರ್ಜಿಂಗ್ ಬಾಗಿಲು ಎಡಗಡೆ ಮುಂದಿನ ಚಕ್ರದ ಮೇಲಿದೆ. ಫೆಬ್ರವರಿಯ ಬೆಳಿಗ್ಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿದ್ದಾಗ ಕೇಬಲ್ ಒಣಗಿದ ಬಳ್ಳಿಯಂತೆ ಸೆಟೆದು, ಸುತ್ತಿದರೂ ಸುರುಳಿಯಾಗದೆ ಕೈಯಿಂದ ಪುಟಿಯುತ್ತದೆ. ಪ್ಲಗ್ಗಿನ ಪಕ್ಕದ ಸಣ್ಣ ದೀಪ ಮಾತ್ರ ಹಸಿರಾಗಿ ಉರಿಯುತ್ತಿರುತ್ತದೆ. ಆದರೂ ಇಲ್ಲಿನವರಿಗೆ ಇದು ಹೊಸದಲ್ಲ. ಚಳಿಯಲ್ಲಿ ಎಂಜಿನ್ ಬೆಚ್ಚಗಿಡುವ ಹೀಟರಿಗೆಂದು ಸ್ವೀಡನ್ನಿನ ನಿಲುಗಡೆ ಜಾಗಗಳಲ್ಲಿ ವಿದ್ಯುತ್ ಸಾಕೆಟ್ಟಿನ ಕಂಬಗಳು ದಶಕಗಳಿಂದ ಇವೆ. ಕಾರಿಗೆ ವೈರು ಸಿಕ್ಕಿಸಿ ಮಲಗುವುದು ಅಜ್ಜನ ಕಾಲದ ಅಭ್ಯಾಸ. 16 ಆಂಪಿಯರಿನಲ್ಲಿ ಐದು ಗಂಟೆ ಸಾಕು. ಪ್ಲಗ್ಗಿನಲ್ಲಿರುವಾಗಲೇ ಒಳಗನ್ನು ಬೆಚ್ಚಗೆ ಮಾಡಿಕೊಳ್ಳಬಹುದು, ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುವ ಕೆಲಸ ತಪ್ಪುತ್ತದೆ. 455 ಅಶ್ವಶಕ್ತಿಗಿಂತ ನನ್ನ ಹೆಂಡತಿ ಮೆಚ್ಚಿದ್ದು ಇದನ್ನೇ.

ಕನ್ನಡಿಗರ ಮಟ್ಟಿಗೆ ವೋಲ್ವೋ ಎಂದರೆ ಬಸ್ಸು. ಐರಾವತದಲ್ಲಿ ಮಲಗಿ ಎದ್ದವರಿಗೆ ಬೇರೆ ಅರ್ಥ ಹೊಳೆಯುವುದಿಲ್ಲ. ಬಸ್ಸು ಮಾಡುವ ಕಂಪನಿ ಕಾರಿನ ವಿಭಾಗವನ್ನು 1999ರಲ್ಲೇ ಫೋರ್ಡಿಗೆ ಮಾರಿತು, 2010ರಲ್ಲಿ ಅದು ಚೀನಾದ ಗೀಲಿಯ ಕೈಸೇರಿತು. ಆದರೂ ಎರಡೂ ಹೆಸರುಗಳು ಹೊಸಕೋಟೆಯಲ್ಲಿ ಮತ್ತೆ ನೆರೆಹೊರೆಯಾದವು: ಭಾರತದಲ್ಲಿ ವೋಲ್ವೋ ಕಾರುಗಳ ಜೋಡಣೆ 2017ರಲ್ಲಿ ಅಲ್ಲಿಯೇ, ಎಕ್ಸ್‌ಸಿ90ಯಿಂದಲೇ ಆರಂಭವಾಯಿತು. ಅದಕ್ಕೂ ಒಂದು ವರ್ಷ ಮೊದಲು, 2016ರಲ್ಲಿ, ಟಿ8 ಆಮದು ಕಾರಾಗಿ ದೆಹಲಿಯ ಶೋರೂಮ್ ಬೆಲೆ 1.25 ಕೋಟಿ ರೂಪಾಯಿಗೆ ಬಂದಿತ್ತು. ಈಗ ಅಲ್ಲಿ ಮಾರುತ್ತಿರುವ ಎಕ್ಸ್‌ಸಿ90ಯಲ್ಲಿರುವುದು ಪ್ಲಗ್ಗಿಲ್ಲದ, ಸಣ್ಣ ಮೋಟಾರು ಎಂಜಿನ್ನಿಗೆ ಒತ್ತಾಸೆ ಕೊಡುವಷ್ಟರ ಮೈಲ್ಡ್ ಹೈಬ್ರಿಡ್ ಮಾತ್ರ. ಪೂರ್ತಿ ವಿದ್ಯುತ್ ಕಾರಿಗೆ ಶೇಕಡಾ 5ರ ಜಿಎಸ್‌ಟಿ ಇರುವಾಗ ಇಂಥ ದೊಡ್ಡ ಹೈಬ್ರಿಡ್ಡಿಗೆ ಪೆಟ್ರೋಲ್ ಕಾರಿನಷ್ಟೇ ತೆರಿಗೆ ಬೀಳುವುದರಿಂದ, ಎರಡು ಬಗೆಯ ಯಂತ್ರಗಳಿಗೆ ಹಣ ಕೊಟ್ಟು ಒಂದು ಬಗೆಯ ರಿಯಾಯಿತಿಯೂ ಸಿಗದ ಸ್ಥಿತಿ ಕೊಳ್ಳುವವರದು.

ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಹಳೆಯ ಟಿ8 ಕಣ್ಣಿಗೆ ಬಿದ್ದು ಆಸೆಯಾದವರು ಒಂದು ವಿಷಯವನ್ನು ಗಮನಿಸಬೇಕು. ಮೊದಲ ವರ್ಷಗಳ ಕಾರುಗಳ ಬ್ಯಾಟರಿ ಕೇವಲ 9.2 ಕಿಲೋವ್ಯಾಟ್ ಅವರ್, ಆಮೇಲೆ 10.4, ಮತ್ತೆ 11.6. ಅಮೆರಿಕದ ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ 2016ರ ಕಾರಿಗೆ ದಕ್ಕಿದ್ದು ಬರೇ 14 ಮೈಲಿ ವಿದ್ಯುತ್ ಓಟ. ವೈಟ್‌ಫೀಲ್ಡಿನಿಂದ ಮೆಜೆಸ್ಟಿಕ್ಕಿಗೆ ಒಂದು ಸಲ ಹೋಗುವಷ್ಟರಲ್ಲಿ ಅದು ಮುಗಿದಿರುತ್ತದೆ. ಮನೆಯ ಪಾರ್ಕಿಂಗಿನಲ್ಲಿ ಸ್ವಂತ ಮೀಟರಿನಿಂದ ಎಳೆದ 16 ಆಂಪಿಯರಿನ ಸಾಕೆಟ್ ಇದೆಯೇ ಎಂದು ಮೊದಲು ನೋಡಿಕೊಳ್ಳಿ, ಟೆಸ್ಟ್ ಡ್ರೈವಿಗೆ ಆಮೇಲೆ ಹೋಗಿ. ಹೋದಾಗ ಡಿಕ್ಕಿಯ ನೆಲವನ್ನೆತ್ತಿ ಮೂಲ ಚಾರ್ಜಿಂಗ್ ಕೇಬಲ್ ಇದೆಯೇ ಎಂದು ನೋಡಿ. ಅದು ಹೊಚ್ಚ ಹೊಸದರಂತೆ ಪ್ಲಾಸ್ಟಿಕ್ ಸುತ್ತಿನೊಳಗೇ ಇದ್ದರೆ, ಆ ಕಾರಿನ ಎಂಜಿನ್ ಎಷ್ಟು ದುಡಿದಿದೆ ಎಂದು ಓಡೋಮೀಟರನ್ನು ಬೇರೆ ಕೇಳಬೇಕಾಗಿಲ್ಲ.